ಲಿವರ್‌ಪೂಲಿನ ನಾಲ್ವರು ಹುಡುಗಿಯರೂ ನಮ್ಮ ಕಪಾಟೂ



ಈ ಸ್ಮರಣ ಸಂಚಿಕೆಯ ಸಂಪಾದಕ ಮಂಡಲಿಯವರು ಪ್ರತಿಸಲದಂತೆ ಈ ಸಲವೂ ನಮ್ಮಿಂದ ಒಂದು ಲೇಖನವನ್ನು ಅಪೇಕ್ಷಿಸಿದ್ದಾರೆ. ಮುಖ್ಯೋಪಾಧ್ಯಾಯಿನಿಯಾದವಳು ಇಂಥ ಸಂಚಿಕೆಯಲ್ಲಿ ಪರೀಕ್ಷೆಯ ಫಲಿತಾಂಶ, ಹೊಸ ಕೋಣೆಗಳ ಮಾಡು, ಬಾವಿಯ ನೀರು, ಸರಕಾರದ ಸಹಾಯಧನ ಮೊದಲಾದವುಗಳ ವಿಷಯವಾಗಿ ಬರೆಯುವದು ವಾಡಿಕೆ. ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಸೇರಿರುವದರಿಂದ ಅವನ್ನೇ ತಿರುಗಿ ಬರೆದು ತಮಗೆ ಬೇಸರವನ್ನುಂಟುಮಾಡುವದಿಲ್ಲ. ಅದಕ್ಕೆ ಪ್ರತಿಯಾಗಿ ಇಂಗ್ಲೆಂಡಿನ ಒಂದು ಬಂದರು ಪಟ್ಟಣದ ಹುಡುಗಿಯರು ಸೇರಿ ಒಂದು ರಾಕ್ ಎಂಡ್ ರೋಲ್ ವಾದ್ಯಮೇಳವನ್ನು ಕಟ್ಟಿಕೊಂಡ ಸಂಗತಿಯನ್ನು ಹೇಳಲು ಅಪ್ಪಣೆ ಬೇಡುತ್ತೇವೆ. ಇದನ್ನು ಓದಿ ಕೆಲವರು ಹುಬ್ಬೇರಿಸುವರೆಂದು ಬಲ್ಲೆವು. ೨೦೦೭ನೆಯ ಇಸವಿಯಲ್ಲಿ ನಾವೇ ಹುಬ್ಬೇರಿಸಿದವರು. ಈ ಲೇಖನ ಹುಟ್ಟಿದ್ದೂ ಆ ಕಾರಣದಿಂದಲೇ.

ಕಳೆದ ಮಳೆಗಾಲದ ಮೊದಲಲ್ಲಿ ಜರ್ಮನಿಯ ಹ್ಯಾಂಬುರ್ಗ್ ಪಟ್ಟಣದಿಂದ ನಮ್ಮ ಹೆಸರಿಗೆ ಒಂದು ಅಂಚೆಯ ಪೊಟ್ಟಣ ಬಂತು. ಕಳುಹಿಸಿದವಳು ನಮ್ಮ ಹಳೆಯ ವಿದ್ಯಾರ್ಥಿನಿ. ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಳೆ. ಒಳಗೆ ಒಂದು ಇಂಗ್ಲಿಷ್ ಪುಸ್ತಕವಿತ್ತು. ಲಿವರ್‌ಪೂಲಿನ ಮೇರಿ ಮೆಕ್‌ಗ್ಲೋರಿ, ಸಿಲ್ವಿಯಾ ಸಾಂಡರ್ಸ್ ಎಂಬ ಇಬ್ಬರು ಸ್ತ್ರೀಯರು ತಮ್ಮ ಪ್ರಾಯದ ಕಾಲದ ಮೇಳದ ವಿಷಯವಾಗಿ ಬರೆದು ೨೦೨೪ರಲ್ಲಿ ಪ್ರಕಟಿಸಿದ ಗ್ರಂಥವದು. ಜೊತೆಯಲ್ಲಿದ್ದ ಕಾಗದ ನಾಲ್ಕೇ ಸಾಲಿನದು. ಈ ಹುಡುಗಿಯರು ವಾದ್ಯ ಬಾರಿಸಿದ ಬೀದಿಯ ಮೇಲೆ ತಾನು ಬಿಡುವಿನ ದಿನಗಳಲ್ಲಿ ನಡೆದುಹೋಗುವದುಂಟೆಂದೂ ಆಗ ನಮ್ಮ ನೆನಪಾಗುವದೆಂದೂ ಬರೆದು, ಕೊನೆಗೆ, ಸಂಗೀತದ ಕೋಣೆಯ ಮರದ ಕಪಾಟು ಇನ್ನೂ ಅಲ್ಲಿಯೇ ಇದೆಯೋ ಎಂದು ವಿಚಾರಿಸಿದ್ದಳು. ಆ ಪ್ರಶ್ನೆಯನ್ನು ಓದಿದಾಗ ನಮಗೆ ಉಂಟಾದ ಸಂಕಟವನ್ನು ಮುಂದೆ ಹೇಳುವೆವು. ಪುಸ್ತಕವನ್ನಂತೂ ಮೂರು ರಾತ್ರಿಗಳಲ್ಲಿ ಓದಿ ಮುಗಿಸಿದೆವು.

ಲಿವರ್‌ಪೂಲು ಮರ್ಸಿ ನದಿಯ ಮುಖದಲ್ಲಿರುವ ದೊಡ್ಡ ಬಂದರು. ೧೯೪೧ನೆಯ ಮೇ ತಿಂಗಳಲ್ಲಿ ವಿಮಾನಗಳಿಂದ ಬಾಂಬುಗಳು ಬಿದ್ದು ಅಲ್ಲಿ ಅಪಾರ ನಾಶವಾಯಿತು. ಯುದ್ಧದ ಕಾಲಕ್ಕೂ ಅದರ ಹಿಂದುಮುಂದಿನ ವರುಷಗಳಲ್ಲಿಯೂ ಹುಟ್ಟಿದ ಮಕ್ಕಳು ಪಾಳುಬಿದ್ದ ನಿವೇಶನಗಳಲ್ಲಿ ಆಡಿಕೊಂಡು ಬೆಳೆದರು. ಅವರ ಮನೆಗಳಲ್ಲಿ ಹಣ ಹೆಚ್ಚಿರಲಿಲ್ಲ. ಆದರೆ ಹಾಡು ಹೇಳುವ ರೂಢಿ ಬಹಳವಾಗಿತ್ತು. ೧೯೫೬ನೆಯ ಇಸವಿಯ ಆರಂಭದಲ್ಲಿ ಲಾನಿ ಡಾನಿಗನ್ ಎಂಬ ಗಾಯಕನ ‘ರಾಕ್ ಐಲೆಂಡ್ ಲೈನ್’ ಎಂಬ ಹಾಡು ಆ ದೇಶದಲ್ಲೆಲ್ಲಾ ಹಬ್ಬಿತು. ಆ ಬಗೆಯ ಗಾಯನಕ್ಕೆ ಸ್ಕಿಫಲ್ ಎಂದು ಹೆಸರು. ಅದರ ಸೊಗಸೇನಂದರೆ, ವಾದ್ಯಗಳಿಗೆ ದುಡ್ಡು ಬೇಕಾಗಿರಲಿಲ್ಲ. ಒಂದು ಅಗ್ಗದ ಗಿಟಾರು, ತಾಯಂದಿರು ಬಟ್ಟೆ ತಿಕ್ಕುವ ಏಣುಗಳುಳ್ಳ ತಗಡಿನ ಹಲಗೆ, ಚಹಾ ತುಂಬಿ ಬರುವ ಮರದ ಪೆಟ್ಟಿಗೆಗೆ ಒಂದು ಕೋಲು ನಿಲ್ಲಿಸಿ ಹುರಿ ಬಿಗಿದ ಮಂದ್ರವಾದ್ಯ, ಇಷ್ಟಿದ್ದರೆ ಮೇಳ ಸಿದ್ಧ. ಆ ಪೆಟ್ಟಿಗೆಗಳಲ್ಲಿ ಎಷ್ಟೋ ನಮ್ಮ ದೇಶದ ಚಹಾವನ್ನು ಹೊತ್ತು ಹೋದವುಗಳೇ ಆಗಿರಬೇಕು.

ಹೀಗೆ ಹುಟ್ಟಿದ ಹುಡುಗರ ಮೇಳಗಳಲ್ಲಿ ಒಂದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಕ್ವಾರಿ ಬ್ಯಾಂಕ್ ಎಂಬ ಪ್ರೌಢಶಾಲೆಯ ವಿದ್ಯಾರ್ಥಿ ಜಾನ್ ಲೆನನ್ ತನ್ನ ಗೆಳೆಯರನ್ನು ಕೂಡಿಸಿ ಶಾಲೆಯ ಹೆಸರಿನಿಂದಲೇ ಕ್ವಾರಿಮೆನ್ ಎಂಬ ಮೇಳವನ್ನು ಕಟ್ಟಿದ್ದನು. ೧೯೫೭ನೆಯ ಜುಲೈ ೬ನೆಯ ತಾರೀಖು ವೂಲ್ಟನ್ ಎಂಬಲ್ಲಿಯ ಸಂತ ಪೇತ್ರನ ದೇವಾಲಯದವರು ತಮ್ಮ ತೋಟದಲ್ಲಿ ಉತ್ಸವ ಮಾಡಿ, ಆ ಹುಡುಗರಿಗೆ ವಾದ್ಯ ಬಾರಿಸಲು ಎಡೆ ಕೊಟ್ಟರು. ಅಂದು ಒಬ್ಬ ಗೆಳೆಯನು ೧೫ ವರುಷದ ಪಾಲ್ ಮೆಕಾರ್ಟ್ನಿಯನ್ನು ೧೬ ವರುಷದ ಲೆನನನ ಮುಂದೆ ನಿಲ್ಲಿಸಿದನು. ದೇವಾಲಯದ ಸಭಾಗೃಹದಲ್ಲಿ ಪಾಲನು ಗಿಟಾರು ಬಾರಿಸಿ ತೋರಿಸಿದನು. ಮರುವರುಷ ಜಾರ್ಜ್ ಹ್ಯಾರಿಸನ್ ಸೇರಿದನು. ೧೯೬೨ನೆಯ ಆಗಸ್ಟಿನಲ್ಲಿ ರಿಂಗೋ ಸ್ಟಾರ್ ಬಂದ ಮೇಲೆ ಬೀಟಲ್ಸ್ ಎಂದು ಲೋಕವು ಬಲ್ಲ ನಾಲ್ವರು ಪೂರ್ತಿಯಾದರು. ಇವರ ಕತೆಯನ್ನು ತಮ್ಮ ಮಕ್ಕಳು ನಮಗಿಂತ ಚೆನ್ನಾಗಿ ಹೇಳಬಲ್ಲರು. ಒಂದನ್ನು ಮಾತ್ರ ಗುರುತಿಸಿಕೊಳ್ಳಬೇಕು: ಮೊದಲನೆಯ ಹುಡುಗನು ಮೇಳ ಕಟ್ಟಿದಂದಿನಿಂದ ನಾಲ್ಕನೆಯವನು ಸೇರುವ ತನಕ ಐದಾರು ವರುಷಗಳು ಹಿಡಿದವು. ಆ ನಡುವೆ ಬಂದು ಬಿಟ್ಟುಹೋದವರು ಬಹು ಮಂದಿ.

ನಮ್ಮ ನಾಲ್ವರು ಹುಡುಗಿಯರ ವಿಷಯಕ್ಕೆ ಬರೋಣ. ಲಿವರ್‌ಪೂಲಿನ ಮ್ಯಾಥ್ಯೂ ಬೀದಿಯಲ್ಲಿ ಹಣ್ಣಿನ ಮಳಿಗೆಯೊಂದರ ಕೆಳಗೆ ಇಟ್ಟಿಗೆಯ ಕಮಾನುಗಳ ನೆಲಮಾಳಿಗೆಯಿತ್ತು. ಯುದ್ಧಕಾಲದಲ್ಲಿ ಜನರು ಬಾಂಬುಗಳಿಗೆ ಹೆದರಿ ಅಲ್ಲಿ ಅಡಗುತ್ತಿದ್ದರು. ೧೯೫೭ರಲ್ಲಿ ಅದು ಕ್ಯಾವರ್ನ್ ಎಂಬ ಸಂಗೀತಶಾಲೆಯಾಯಿತು. ಗಾಳಿಯಾಡದ, ಗೋಡೆಗಳಿಂದ ನೀರೊಸರುವ ಆ ಗುಹೆಯಲ್ಲಿ ಮಧ್ಯಾಹ್ನದ ಊಟದ ವೇಳೆಗೂ ಮೇಳಗಳು ಬಾರಿಸುತ್ತಿದ್ದವು. ಕಚೇರಿಗಳಲ್ಲಿ ಟೈಪು ಮಾಡುವ ಹುಡುಗಿಯರು ಊಟದ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಅಲ್ಲಿಗೆ ಓಡುವರು. ಆ ದಿನಗಳಲ್ಲಿ ಅಲ್ಲಿ ಮದ್ಯವನ್ನು ಮಾರುತ್ತಿರಲಿಲ್ಲವೆಂಬದನ್ನು ಪೋಷಕರ ಸಮಾಧಾನಕ್ಕಾಗಿ ತಿಳಿಸುತ್ತೇವೆ. ೧೯೬೨ರಲ್ಲಿ ಮೇರಿ ಮೆಕ್‌ಗ್ಲೋರಿ ಎಂಬ ಹದಿನಾರು ವರುಷದ ಹುಡುಗಿ ತನ್ನ ನೆಂಟರ ಹುಡುಗಿಯರ ಸಂಗಡ ಅಲ್ಲಿಗೆ ಹೋಗಿ ಬೀಟಲ್ಸರನ್ನು ಕಂಡಳು. ಈಕೆಯ ಬಾಲ್ಯದ ಬಯಕೆ ಕನ್ಯಾಮಠವನ್ನು ಸೇರಬೇಕೆಂಬದು. ನೆಲಮಾಳಿಗೆಯ ಮೆಟ್ಟಲುಗಳನ್ನು ಏರಿ ಮೇಲೆ ಬರುವಷ್ಟರಲ್ಲಿ ಆ ಬಯಕೆ ಬದಲಾಗಿತ್ತು. ಹುಡುಗರ ಮೇಳದಂಥದೇ ಹುಡುಗಿಯರ ಮೇಳವೊಂದು ಆಗಬೇಕು, ಅದನ್ನು ಮೊದಲು ಮಾಡುವವರು ತಾವೇ ಆಗಬೇಕು ಎಂದು ನಿಶ್ಚಯಿಸಿದಳು.

ನಿಶ್ಚಯವೇನೋ ಆಯಿತು. ವಾದ್ಯಗಳೂ ಕೈಗೆ ಬಂದವು. ಬಾರಿಸಲು ಬಲ್ಲವರು ಮಾತ್ರ ಯಾರೂ ಇರಲಿಲ್ಲ! ಮೇರಿಯೂ ತಂಗಿ ಶೀಲಳೂ ನೆಂಟರ ಹುಡುಗಿಯರೂ ಗಿಟಾರುಗಳನ್ನು ಹಿಡಿದುಕೊಂಡು ಕೂತರೆ, ಹಿಡಿಯುವದು ಹೇಗೆಂಬದೇ ಒಂದು ಪ್ರಶ್ನೆ. ಶಿಕ್ಷಕಿಯರಾದ ನಮಗೆ ಈ ಭಾಗವು ಬಹಳ ಮೆಚ್ಚಿಗೆಯಾಯಿತು. ತರಬೇತಿಯ ಕಾಲೇಜಿನಲ್ಲಿ ನಮಗೆ ಕಲಿಸಿದ್ದೇನಂದರೆ, ಮಗುವಿಗೆ ಮೊದಲು ಸ್ವರ, ಆ ಮೇಲೆ ತಾಳ, ಆ ಮೇಲೆ ಪದ, ಎಲ್ಲವೂ ತಕ್ಕಮಟ್ಟಿಗೆ ಬಂದ ತರುವಾಯ ಸಭೆ. ಇವರಾದರೋ ಸಭೆಯನ್ನು ಮನಸ್ಸಿನಲ್ಲಿ ಮೊದಲು ಕಟ್ಟಿಕೊಂಡು, ಅಲ್ಲಿಂದ ಹಿಂದಕ್ಕೆ ನಡೆದು ಸ್ವರದ ಹತ್ತಿರ ಬಂದರು.

ಕೆಲವು ಕಾಲದಲ್ಲಿ ನೆಂಟರ ಹುಡುಗಿಯರು ಕೈಬಿಟ್ಟರು. ವಾಲೆರಿ ಗೆಲ್ ಎಂಬವಳೂ ಸಿಲ್ವಿಯಾ ಸಾಂಡರ್ಸಳೂ ಬಂದು ಕೂಡಿಕೊಂಡರು. ಇವರಲ್ಲಿ ಗಿಟಾರಿನ ವಿದ್ಯೆಯನ್ನು ಸರಿಯಾಗಿ ಬಲ್ಲವಳೆಂದರೆ ವಾಲೆರಿಯೇ. ಸಿಲ್ವಿಯಾ ಗಿಡ್ಡ ಹುಡುಗಿ. ಡ್ರಮ್ಮುಗಳ ಹಿಂದೆ ಕೂತುಕೊಂಡಳು. ಐರೀನ್ ಗ್ರೀನ್ ಎಂಬವಳು ಹಾಡುವದಕ್ಕೆ ಬಂದಳು. ಐವರಾದರು ಎನ್ನುವಷ್ಟರಲ್ಲಿ ಐರೀನಳೂ ಹೋದಳು, ಮೇರಿಯ ಸ್ವಂತ ತಂಗಿಯಾದ ಶೀಲಳೂ ಹೋದಳು. ಒಡಹುಟ್ಟಿದವಳೇ ಬಿಟ್ಟುಹೋದಾಗ ಮೇಳವನ್ನು ಮುಚ್ಚುವದಕ್ಕೆ ಬೇರೆ ಕಾರಣ ಬೇಕಾಗಿರಲಿಲ್ಲ. ಆದರೆ ಉಳಿದ ಮೂವರು ಮುಚ್ಚಲಿಲ್ಲ. ಪಮೇಲಾ ಬರ್ಚ್ ಎಂಬ ಎತ್ತರದ, ಗಂಭೀರ ಕಂಠದ ಹುಡುಗಿ ಗಿಟಾರಿನೊಂದಿಗೆ ಬಂದಳು. ಆಗ ನಾಲ್ಕು ಮಂದಿ ನೆಲೆಯಾಗಿ ನಿಂತರು. ನಮ್ಮ ಶಾಲೆಯ ಗಾಯನ ಮಂಡಲಿಯನ್ನು ಹದಿನಾರು ವರುಷ ನಡಿಸಿದ ನಾವು ಇದನ್ನು ಚೆನ್ನಾಗಿ ಬಲ್ಲೆವು: ಜೂನಿನಲ್ಲಿ ಇಪ್ಪತ್ತು ಕಂಠಗಳನ್ನು ಆರಿಸಿದರೆ ದಶಂಬರದ ಹೊತ್ತಿಗೆ ಒಬ್ಬಳ ತಂದೆಗೆ ವರ್ಗವಾಗಿರುವದು, ಒಬ್ಬಳ ಮದುವೆ ನಿಶ್ಚಯವಾಗಿರುವದು, ಒಬ್ಬಳಿಗೆ ಗಣಿತದಲ್ಲಿ ಅಂಕ ಕಡಿಮೆಯಾಗಿ ತಾಯಿಯು ಬಂದು ಹೆಸರು ತೆಗಿಸಿರುವಳು.

ಮೇಳಕ್ಕೆ ಇಟ್ಟುಕೊಂಡ ಹೆಸರು ಲೈವರ್‌ಬರ್ಡ್ಸ್. ಲಿವರ್‌ಪೂಲಿನ ಲಾಂಛನವಾದ ಒಂದು ಕಾಲ್ಪನಿಕ ಹಕ್ಕಿಯುಂಟು. ೧೯೧೧ರಲ್ಲಿ ಕಟ್ಟಿ ಮುಗಿಸಿದ ರಾಯಲ್ ಲೈವರ್ ಕಟ್ಟಡದ ಎರಡು ಗೋಪುರಗಳ ತುದಿಯಲ್ಲಿ ಅದರ ಎರಡು ತಾಮ್ರದ ಪ್ರತಿಮೆಗಳು ನಿಂತಿವೆ. ಊರಿನ ಹೆಸರನ್ನು ಲಿವರ್ ಎಂದೂ, ಅದೇ ಅಕ್ಷರಗಳಿಂದ ಬರೆದ ಹಕ್ಕಿಯ ಹೆಸರನ್ನು ಲೈವರ್ ಎಂದೂ ಉಚ್ಚರಿಸಬೇಕು. ಇಂಗ್ಲಿಷಿನ ಈ ಮೊಂಡತನಕ್ಕೆ ನಮ್ಮ ಎಂಟನೆಯ ತರಗತಿಯವರು ಪ್ರತಿ ವರುಷ ಕಣ್ಣೀರು ಹಾಕುವದು ತಮಗೆ ತಿಳಿದೇ ಇದೆ. ಅಲ್ಲಿಯ ಆಡುಮಾತಿನಲ್ಲಿ ಪ್ರಾಯದ ಹುಡುಗಿಯನ್ನು ಹಕ್ಕಿ ಎಂದು ಕರೆಯುವ ರೂಢಿಯೂ ಇದ್ದುದರಿಂದ ಹೆಸರು ಎರಡು ಬಗೆಯಲ್ಲಿ ಒಪ್ಪಿತು.

ಇಂಥ ಮೇಳವು ಹೇಗೆ ಕೂಡಿ ನಡೆಯುವದೆಂದು ಸಂಗೀತ ತಿಳಿಯದ ತಾಯಂದಿರಿಗೆ ಎರಡು ಮಾತು ಹೇಳಬೇಕು. ನಮ್ಮ ಹಾರ್ಮೋನಿಯಮಿನ ಮೇಲೆ ಎಳೆಯ ಮಕ್ಕಳಿಗೆ ಮೊದಲು ಕಲಿಸುವ ಮೂರು ಸ್ವರಮೇಳನಗಳನ್ನು ನೆನಪಿಗೆ ತಂದುಕೊಳ್ಳಿರಿ: ಒಂದನೆಯ ಸ್ವರದ ಮೇಲೆ ಕಟ್ಟಿದ್ದು, ನಾಲ್ಕನೆಯದರ ಮೇಲೆ ಕಟ್ಟಿದ್ದು, ಐದನೆಯದರ ಮೇಲೆ ಕಟ್ಟಿದ್ದು. ಅರ್ಧಕ್ಕಿಂತ ಹೆಚ್ಚು ಗೀತೆಗಳನ್ನು ಈ ಮೂರರಿಂದಲೇ ನಡಿಸಬಹುದೆಂದು ನಮ್ಮ ಗುರುಮಾತೆಯವರು ಹೇಳುತ್ತಿದ್ದರು. ರಾಕ್ ಎಂಡ್ ರೋಲಿನಲ್ಲಿಯೂ ಇವೇ ಮೂರು. ಹನ್ನೆರಡು ತಾಳಾವರ್ತಗಳ ಒಂದು ಸುತ್ತು. ಮೊದಲಿನ ನಾಲ್ಕು ಆವರ್ತ ಒಂದನೆಯದು, ಎರಡು ಆವರ್ತ ನಾಲ್ಕನೆಯದು, ತಿರುಗಿ ಎರಡು ಒಂದನೆಯದು, ಆ ಮೇಲೆ ಐದನೆಯದು ಒಂದು, ನಾಲ್ಕನೆಯದು ಒಂದು, ಕೊನೆಯ ಎರಡರಲ್ಲಿ ಮನೆಗೆ ಬಂದು ಸೇರುವದು. ಇದು ಅಮೆರಿಕಾದ ಕರಿಯ ಜನರು ತಮ್ಮ ದುಃಖದ ಹಾಡುಗಳಿಗಾಗಿ ಕಟ್ಟಿದ ಚೌಕಟ್ಟು. ಎಷ್ಟೋ ರಾಕ್ ಎಂಡ್ ರೋಲ್ ಹಾಡುಗಳು ಇದರ ಮೇಲೆಯೇ ನಿಂತಿವೆ. ಕಲಿಯುವದು ಕಷ್ಟವಲ್ಲ. ನಾಲ್ವರೂ ಒಂದೇ ಕ್ಷಣದಲ್ಲಿ ನಾಲ್ಕನೆಯದಕ್ಕೆ ಹೊರಳುವದು ಕಷ್ಟ. ಅದು ಬರುವದಕ್ಕೆ ಪಕ್ಕದಲ್ಲಿ ನಿಂತವಳ ಉಸಿರನ್ನು ಕೇಳುವಷ್ಟು ದಿನ ಜೊತೆಯಲ್ಲಿ ಬಾರಿಸಿರಬೇಕು.

ಇನ್ನೊಂದು ಮಾತು. ಹುಡುಗಿಯರ ಶಾಲೆಯ ಗಾಯನ ಮಂಡಲಿಗೆ ಒಂದು ಹುಟ್ಟು ಕೊರತೆಯುಂಟು. ಏನಂದರೆ, ಅದಕ್ಕೆ ನೆಲವಿಲ್ಲ. ಮೇಲಿನ ಕಂಠ, ನಡುವಿನ ಕಂಠ ಸಿಕ್ಕುವವು. ಮಂದ್ರ ಕಂಠ ಸಿಕ್ಕುವದಿಲ್ಲ. ಅದನ್ನು ನಾವು ಪಿಯಾನೋದ ಎಡಗೈಯಿಂದ ಹೇಗೋ ತುಂಬಿಸಿಕೊಂಡು ಬಂದೆವು. ಬಾಸ್ ಗಿಟಾರಿಗೆ ನಾಲ್ಕೇ ತಂತಿಗಳು. ಸಾಧಾರಣ ಗಿಟಾರಿನ ಕೆಳಗಿನ ನಾಲ್ಕು ತಂತಿಗಳ ಸ್ವರಗಳೇ ಅವು, ಆದರೆ ಒಂದು ಪೂರ್ತಿ ಸ್ಥಾಯಿ ಕೆಳಗೆ. ಮೇರಿ ಮೆಕ್‌ಗ್ಲೋರಿ ಹಿಡಿದದ್ದು ಅದನ್ನೇ. ಯಾವ ಹೆಣ್ಣಿನ ಕೊರಳೂ ಇಳಿಯಲಾರದ ಆ ಸ್ಥಳಕ್ಕೆ ಅವಳ ಬೆರಳು ಇಳಿಯಿತು. ಇದನ್ನು ಪುಸ್ತಕದಲ್ಲಿ ಯಾರೂ ಹೇಳಿಲ್ಲ. ನಮಗೇ ತೋರಿದ್ದು, ಮೂರನೆಯ ರಾತ್ರಿ ಹಾಸಿಗೆಯ ಮೇಲೆ ಎದ್ದು ಕೂತಾಗ.

ಕ್ಯಾವರ್ನಿನಲ್ಲಿ ಇವರನ್ನು ಜಾನ್ ಲೆನನನಿಗೆ ಪರಿಚಯ ಮಾಡಿಸಿದಾಗ, ಹುಡುಗಿಯರು ಗಿಟಾರು ಬಾರಿಸುವದುಂಟೇ, ಅದಾಗದು ಎಂಬರ್ಥದ ಮಾತನ್ನು ಆತನು ಆಡಿಬಿಟ್ಟನಂತೆ. ಅದನ್ನು ಸುಳ್ಳು ಮಾಡಿ ತೋರಿಸುವೆವೆಂದು ಇವರು ಹಟ ಹಿಡಿದರು. ೨೦೧೯ರಲ್ಲಿ ಲಿವರ್‌ಪೂಲಿನ ರಾಯಲ್ ಕೋರ್ಟ್ ನಾಟಕಶಾಲೆಯವರು ಇವರ ಕತೆಯನ್ನು ಆಡಿದಾಗ ಆ ಮಾತನ್ನೇ ನಾಟಕದ ಹೆಸರಾಗಿ ಇಟ್ಟರು. ಈ ಪುಟವನ್ನು ಓದುವಾಗ ಪುಸ್ತಕವನ್ನು ಮುಚ್ಚಿಟ್ಟೆವು. ಏಕಂದರೆ ಆ ಮಾತನ್ನು ನಾವೂ ಆಡಿದ್ದೆವು, ಇದೇ ಶಾಲೆಯಲ್ಲಿ, ಸಂಗೀತದ ಕೋಣೆಯ ಬಾಗಲಲ್ಲಿ ನಿಂತುಕೊಂಡು.

೨೦೦೭ನೆಯ ನವಂಬರ್ ತಿಂಗಳು. ನಮಗೆ ಆಗ ಮೂವತ್ತು ವರುಷವೂ ತುಂಬಿರಲಿಲ್ಲ. ಗಾಯನ ಮಂಡಲಿಯು ನಮ್ಮ ಕೈಕೆಳಗಿತ್ತು. ಒಂಬತ್ತನೆಯ ತರಗತಿಯ ನಾಲ್ವರು ಹುಡುಗಿಯರು ಬಂದು, ಶನಿವಾರ ಮಧ್ಯಾಹ್ನ ಸಂಗೀತದ ಕೋಣೆಯ ಹಿಂದಿರುವ ಉಗ್ರಾಣವನ್ನು ತಮಗೆ ಬಿಟ್ಟುಕೊಡಬೇಕೆಂದು ಕೇಳಿದರು. ಒಬ್ಬಳ ಬಳಿ ಅಣ್ಣನ ಗಿಟಾರಿತ್ತು. ಮತ್ತೊಬ್ಬಳು ಎರಡು ಸೌಟುಗಳನ್ನೂ ಬಿಸ್ಕತ್ತಿನ ಡಬ್ಬಿಗಳನ್ನೂ ತಂದಿದ್ದಳು. ಶಾಲೆಯ ವಾರ್ಷಿಕೋತ್ಸವದಲ್ಲಿ ಒಂದು ಹಾಡು ಬಾರಿಸುವದು ಅವರ ಆಶೆ. ನಾವು ನಕ್ಕೆವು. ಗಿಟಾರು, ಡ್ರಮ್ಮು ಹೆಣ್ಣುಮಕ್ಕಳ ಕೈಗೆ ಒಪ್ಪುವವುಗಳಲ್ಲವೆಂದೂ, ಪೋಷಕರು ಏನನ್ನುವರೆಂದೂ, ಅಷ್ಟು ಆಶೆಯಿದ್ದರೆ ಗಾಯನ ಮಂಡಲಿಯಲ್ಲಿ ಸೇರಿಕೊಳ್ಳಬಹುದೆಂದೂ ಹೇಳಿ ಕಳುಹಿಸಿದೆವು. ಪೋಷಕರಲ್ಲಿ ಒಬ್ಬರನ್ನಾದರೂ ನಾವು ಕೇಳಿ ನೋಡಿರಲಿಲ್ಲ.

ಮರುವಾರ ಉಗ್ರಾಣದಿಂದ ಸಪ್ಪಳ ಕೇಳಿಸಿತು. ಹೋಗಿ ನೋಡಲಾಗಿ ಅವರೇ. ಅಪ್ಪಣೆಯಿಲ್ಲದೆ ಒಳಹೊಕ್ಕಿದ್ದು ತಪ್ಪೆಂಬದರಲ್ಲಿ ಈಗಲೂ ನಮಗೆ ಸಂಶಯವಿಲ್ಲ. ಗಿಟಾರನ್ನು ತೆಗೆದುಕೊಂಡು, ವರುಷದ ಕೊನೆಗೆ ಕೊಡುವೆವೆಂದು ಹೇಳಿ ಮರದ ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ವರುಷದ ಕೊನೆಗೆ ಪರೀಕ್ಷೆಗಳ ಗಡಿಬಿಡಿ. ಬೇಸಿಗೆಯಲ್ಲಿ ನಾವು ಊರಿಗೆ ಹೋದೆವು. ಜೂನಿನಲ್ಲಿ ಹುಡುಗಿ ಬಂದು ಕೇಳಿದಳು. ಬೀಗದ ಕೈ ಸಿಕ್ಕಲಿಲ್ಲ, ನಾಳೆ ಎಂದೆವು. ಆ ನಾಳೆಯು ಬಂದದ್ದು ಆಗಸ್ಟ್ ತಿಂಗಳಲ್ಲಿ. ಕಪಾಟಿನ ಹಿಂದಿನ ಗೋಡೆಯು ಮಳೆಗಾಲದಲ್ಲಿ ಒದ್ದೆಯಾಗುವದೆಂದು ಇಲ್ಲಿ ಓದಿದವರೆಲ್ಲರೂ ಬಲ್ಲರು. ಬಾಗಲು ತೆರೆದಾಗ ಗಿಟಾರಿನ ಮೈಮೇಲೆ ಹಸುರು ಬೂಷ್ಟು ಹಿಡಿದಿತ್ತು. ತಂತಿಗಳನ್ನು ಕಟ್ಟುವ ಮರದ ಪಟ್ಟಿ ಅಂಟು ಬಿಟ್ಟು ಎದ್ದುಬಂದಿತ್ತು. ಕೊರಳು ಬಿಲ್ಲಿನಂತೆ ಬಾಗಿತ್ತು. ಉಕ್ಕಿನ ತಂತಿಗಳ ಎಳೆತ ಸಾಮಾನ್ಯವಾದುದಲ್ಲ. ಬಹು ದಿನ ಇಡುವದಾದರೆ ಅವನ್ನು ಸಡಿಲಿಸಿ ಒಣಗಿದ ಸ್ಥಳದಲ್ಲಿ ಇಡಬೇಕೆಂದು ಸಂಗೀತದ ಶಿಕ್ಷಕಿಯಾದ ನಮಗೆ ತೋಚಿರಲಿಲ್ಲ. ಅದನ್ನು ಅವಳ ಅಣ್ಣನು ಮುದ್ರಣಾಲಯದಲ್ಲಿ ದುಡಿದ ಕೂಲಿಯಿಂದ ಕೊಂಡಿದ್ದನೆಂದು ಆ ಮೇಲೆ ತಿಳಿಯಿತು. ಹುಡುಗಿ ಒಂದು ಮಾತನ್ನೂ ಆಡದೆ ಹಾಸಿಗೆಯ ಹೊದಿಕೆಯಲ್ಲಿ ಅದನ್ನು ಸುತ್ತಿಕೊಂಡು ಮಳೆಯಲ್ಲಿಯೇ ಗೇಟು ದಾಟಿ ಹೋದಳು. ನಾವು ಯಾರಿಗೂ ಹೇಳಲಿಲ್ಲ. ಆ ವರುಷದ ವಾರ್ಷಿಕೋತ್ಸವದಲ್ಲಿಯೂ ನಮ್ಮ ಗಾಯನ ಮಂಡಲಿಗೆ ಎಂದಿನಂತೆ ಕೈಚಪ್ಪಾಳೆ ದೊರೆಯಿತು.

ಹ್ಯಾಂಬುರ್ಗಿನಿಂದ ಪುಸ್ತಕ ಕಳುಹಿಸಿದವಳು ಅವಳೇ.

ಲೈವರ್‌ಬರ್ಡ್ಸ್ ಮೇಳವು ೧೯೬೪ರಲ್ಲಿ ಅದೇ ಹ್ಯಾಂಬುರ್ಗಿಗೆ ಹೋಯಿತು. ಅಷ್ಟರಲ್ಲಿ ಅವರು ರೋಲಿಂಗ್ ಸ್ಟೋನ್ಸ್, ಕಿಂಕ್ಸ್ ಮೊದಲಾದ ಹೆಸರಾದ ಮೇಳಗಳ ಸಂಗಡ ವೇದಿಕೆಯನ್ನು ಹಂಚಿಕೊಂಡಿದ್ದರು. ಹ್ಯಾಂಬುರ್ಗಿನಲ್ಲಿ ಅವರನ್ನು ಕರೆಸಿಕೊಂಡದ್ದು ೧೯೬೨ರಲ್ಲಿ ಆರಂಭವಾದ ಸ್ಟಾರ್ ಕ್ಲಬ್ ಎಂಬ ಸಂಗೀತಶಾಲೆ. ಅದಿದ್ದ ಸಂತ ಪೌಲಿ ಎಂಬ ಬಂದರಿನ ಕೇರಿಯು ಹೆಣ್ಣುಮಕ್ಕಳನ್ನು ಕಳುಹಿಸತಕ್ಕ ಸ್ಥಳವೆಂದು ಯಾವ ತಾಯಿಯೂ ಒಪ್ಪಲಾರಳು, ನಾವೂ ಒಪ್ಪುವದಿಲ್ಲ. ೧೯೬೦ರಲ್ಲಿ ಬೀಟಲ್ಸರು ಆ ಕೇರಿಗೆ ಹೋದಾಗ ಜಾರ್ಜ್ ಹ್ಯಾರಿಸನನಿಗೆ ಹದಿನೇಳೇ ವರುಷವೆಂದು ಅಧಿಕಾರಿಗಳಿಗೆ ತಿಳಿದು, ಅವನನ್ನು ದೇಶದಿಂದ ಹಿಂದಕ್ಕೆ ಕಳುಹಿಸಿದರು. ಆದರೂ ನಿಜವನ್ನು ಹೇಳಬೇಕು. ಅಲ್ಲಿ ರಾತ್ರಿ ರಾತ್ರಿಯೂ ತಾಸುಗಟ್ಟಲೆ ಬಾರಿಸಿದ್ದರಿಂದಲೇ ಲಿವರ್‌ಪೂಲಿನ ಮೇಳಗಳ ಕೈ ಗಟ್ಟಿಯಾಯಿತು. ಹೊಟ್ಟೆಪಾಡಿಗಾಗಿ ಬಾರಿಸುವವನಿಗೆ ಇಂದು ಮನಸ್ಸಿಲ್ಲ ಎನ್ನುವ ಹಾಗಿಲ್ಲ. ನಮ್ಮ ಗಾಯನ ಮಂಡಲಿಯು ವಾರಕ್ಕೆ ಎರಡು ತಾಸು ಹಾಡಿ, ತೀರ್ಪುಗಾರರು ಪಕ್ಷಪಾತಿಗಳೆಂದು ದೂರುವದುಂಟು!

ಹ್ಯಾಂಬುರ್ಗಿನವರು ಈ ನಾಲ್ವರನ್ನು ಮೆಚ್ಚಿದರು. ಇವರು ಅಲ್ಲಿಯೇ ನಿಂತು ೧೯೬೫ರಲ್ಲಿ ಒಂದು, ೧೯೬೬ರಲ್ಲಿ ಇನ್ನೊಂದು ಹೀಗೆ ಎರಡು ದೊಡ್ಡ ಹಾಡಿನ ತಟ್ಟೆಗಳನ್ನು ಹೊರಡಿಸಿದರು. ಬೋ ಡಿಡ್ಲಿ ಎಂಬ ಅಮೆರಿಕಾದ ಕರಿಯ ಸಂಗೀತಗಾರನ ‘ಡಿಡ್ಲಿ ಡ್ಯಾಡಿ’ ಎಂಬ ಹಾಡನ್ನು ಇವರು ಹಾಡಿದ್ದು ಜರ್ಮನಿಯಲ್ಲಿ ಬಹಳ ಜನಪ್ರಿಯವಾಯಿತು. ಆ ಹಳೆಯ ದೂರದರ್ಶನದ ಚಿತ್ರಗಳನ್ನು ನಮ್ಮ ಕಚೇರಿಯ ಗುಮಾಸ್ತರು ಗಣಕಯಂತ್ರದಲ್ಲಿ ಹುಡುಕಿ ತೋರಿಸಿದರು. ಕತ್ತಿನ ತನಕ ಗುಂಡಿ ಹಾಕಿದ ಬಿಳಿಯ ಅಂಗಿ, ಕುಣಿತವಿಲ್ಲ, ಹಾವಭಾವವಿಲ್ಲ, ನಾಲ್ವರೂ ತಮ್ಮ ತಮ್ಮ ಕೆಲಸವನ್ನು ನೋಡಿಕೊಳ್ಳುತ್ತಿದ್ದಾರೆ. ಹಿಂದೆ ಗಿಡ್ಡ ಸಿಲ್ವಿಯಾ ತಲೆಯನ್ನು ಮಾತ್ರ ಕಾಣಿಸುತ್ತಾ ಡ್ರಮ್ಮು ಬಡಿಯುತ್ತಾಳೆ. ಸೇವಕಿಯೂ ಗುಮಾಸ್ತರೂ ನಾವೂ ಎರಡು ಸಲ ನೋಡಿದೆವು.

ಮೇಳವು ಕೂಡಿಬರಲು ಹಿಡಿದಷ್ಟು ಕಾಲ ಒಡೆಯಲು ಹಿಡಿಯಲಿಲ್ಲ. ೧೯೬೮ರಲ್ಲಿ ಜಪಾನಿಗೆ ಬರಬೇಕೆಂದು ಕರೆ ಬಂತು. ಸಿಲ್ವಿಯಾ ಮದುವೆಯಾಗಿ ಗರ್ಭಿಣಿಯಾಗಿದ್ದಳು, ಡ್ರಮ್ಮು ಬಾರಿಸಕೂಡದಾಯಿತು. ವಾಲೆರಿಯು ಪ್ರೀತಿಸಿದ ಜರ್ಮನ್ ತರುಣನು ಅವಳನ್ನು ನೋಡಲು ಬರುವ ದಾರಿಯಲ್ಲಿ ಮೋಟಾರು ಅಪಘಾತಕ್ಕೆ ಸಿಕ್ಕಿ ಅಂಗಸ್ವಾಧೀನವನ್ನು ಕಳಕೊಂಡಿದ್ದನು. ಅವಳು ಗಿಟಾರನ್ನು ಕೆಳಗಿಟ್ಟು ಅವನ ಹತ್ತಿರ ಉಳಿದಳು, ಅವನನ್ನೇ ಮದುವೆಯಾಗಿ, ಅವನು ಬದುಕಿರುವ ತನಕ ಆರೈಕೆ ಮಾಡಿದಳು. ಮೇರಿಯೂ ಪಮೇಲಳೂ ಬೇರೆ ಇಬ್ಬರನ್ನು ಕೂಡಿಸಿಕೊಂಡು ಜಪಾನಿಗೆ ಹೋಗಿ ಬಂದರು. ಬಾರಿಸುವದು ನಡೆಯಿತು, ಆದರೆ ಆ ಇಬ್ಬರಿಲ್ಲದೆ ಅದು ತಮ್ಮ ಮೇಳವಲ್ಲವೆಂದು ಇಬ್ಬರಿಗೂ ತಿಳಿಯಿತು. ಅಲ್ಲಿಗೆ ಮುಗಿಸಿದರು. ನಾಲ್ವರಲ್ಲಿ ಯಾರಿಗೂ ಇಪ್ಪತ್ತೈದು ವರುಷ ಆಗಿರಲಿಲ್ಲ. ಮೇರಿ ಹ್ಯಾಂಬುರ್ಗಿನಲ್ಲಿಯೇ ಸಂಸಾರ ಹೂಡಿದಳು. ಪಮೇಲಾ ೨೦೦೯ರಲ್ಲಿಯೂ ವಾಲೆರಿ ೨೦೧೬ರಲ್ಲಿಯೂ ತೀರಿಕೊಂಡರು. ಉಳಿದ ಇಬ್ಬರೇ ಆ ಪುಸ್ತಕವನ್ನು ಬರೆದವರು.

ಓದಿ ಮುಗಿಸಿದ ಮರುದಿನ ನಾವು ಹ್ಯಾಂಬುರ್ಗಿಗೆ ಉತ್ತರ ಬರೆದೆವು. ಕಪಾಟು ಇದೆ ಎಂದು ಬರೆದೆವು. ಬೀಗದ ಕೈ ಸಿಕ್ಕಲಿಲ್ಲವೆಂದು ಅಂದು ಹೇಳಿದ್ದು ಪೂರ್ತಿ ನಿಜವಲ್ಲ, ಹುಡುಕಲು ಬೇಸರಪಟ್ಟಿದ್ದೆವು ಎಂಬದನ್ನೂ ಬರೆದೆವು. ಅವಳ ಅಣ್ಣನ ದುಡ್ಡನ್ನು ಕೊಡಲು ಒಪ್ಪಿಗೆ ಕೇಳಿ, ಕ್ಷಮೆಯನ್ನೂ ಬೇಡಿದೆವು. ಹದಿನೆಂಟು ವರುಷ ತಡವಾಗಿ ಬರೆದ ಕಾಗದವು ಸುಲಭವಾಗಿ ಬರಲಿಲ್ಲ. ನಾಲ್ಕು ಹಾಳೆಗಳನ್ನು ಹರಿದೆವು.

ಅವಳಿಂದ ಬಂದ ಮರುತ್ತರವನ್ನು ನಾವು ನಿರೀಕ್ಷಿಸಿರಲಿಲ್ಲ. ಅಣ್ಣನು ದುಡ್ಡು ಬೇಡವೆಂದನಂತೆ. ಎದ್ದುಬಂದ ಪಟ್ಟಿಯನ್ನು ಅವನು ಬಡಗಿಯ ಅಂಟಿನಿಂದ ಕೂರಿಸಿ, ಮೇಲೆ ಎರಡು ತಿರುಪು ಹಾಕಿ ಬಿಗಿದನಂತೆ. ಬಾಗಿದ ಕೊರಳು ನೆಟ್ಟಗಾಗದಿದ್ದರೂ ಮೊದಲಿನ ಮೂರು ಮನೆಗಳಲ್ಲಿ ಸ್ವರ ಸರಿಯಾಗಿಯೇ ನುಡಿಯಿತಂತೆ. ಮೂರು ಸ್ವರಮೇಳನಗಳಿಗೆ ಅಷ್ಟು ಸಾಕು! ಡಬ್ಬಿಗಳ ಹುಡುಗಿಯ ಮನೆಯ ದನದ ಕೊಟ್ಟಿಗೆಯಲ್ಲಿ ಆ ನಾಲ್ವರು ಹತ್ತನೆಯ ತರಗತಿಯ ಪರೀಕ್ಷೆಯ ತನಕ ಪ್ರತಿ ಭಾನುವಾರ ಸಂಜೆ ಕೂಡಿದರಂತೆ. ಯಾರದೋ ಮದುವೆಯ ಮನೆಯಲ್ಲಿ ಒಂದು ಸಲ ಬಾರಿಸಿದರಂತೆ. ವಿದ್ಯುತ್ತು ನಿಂತುಹೋದದ್ದರಿಂದ ಪೂರ್ತಿ ಕತ್ತಲಲ್ಲಿ ಬಾರಿಸಿದರಂತೆ. ಪರೀಕ್ಷೆ ಮುಗಿದ ಮೇಲೆ ಒಬ್ಬಳು ದಾದಿಯ ಶಿಕ್ಷಣಕ್ಕೆ, ಒಬ್ಬಳು ಅಜ್ಜಿಯ ಮನೆಗೆ, ಒಬ್ಬಳು ಅಂಗಡಿಯ ಕೆಲಸಕ್ಕೆ, ಒಬ್ಬಳು ಮದುವೆಯಾಗಿ ಹೋದಳು. ನಾವು ನಿಲ್ಲಿಸಿದೆವೆಂದು ಇಷ್ಟು ಕಾಲ ಪಶ್ಚಾತ್ತಾಪಪಡುತ್ತಿದ್ದ ಮೇಳವು ನಮ್ಮ ಶಾಲೆಯ ಗೋಡೆಯಿಂದ ಅರ್ಧ ಮೈಲಿನಲ್ಲಿ ಎಷ್ಟೋ ತಿಂಗಳು ನಡೆದಿತ್ತು, ನಮಗೆ ಗೊತ್ತಿಲ್ಲದೆ. ಇದರಿಂದ ನಮಗೆ ಸಮಾ­ಧಾನವಾಯಿತೆಂದು ಹೇಳಲಾರೆವು. ಆ ಹಾಡನ್ನು ಕೇಳುವ ಭಾಗ್ಯ ದನಗಳಿಗೆ ಸಿಕ್ಕಿತು, ನಮಗೆ ಸಿಕ್ಕಲಿಲ್ಲ.

ಈ ವರುಷ ಜುಲೈ ತಿಂಗಳಲ್ಲಿ ಒಂಬತ್ತನೆಯ ತರಗತಿಯ ಮೂವರು ಬಂದು ಉಗ್ರಾಣವನ್ನು ಕೇಳಿದರು. ಯಾರೂ ಹೇಳಿಕೊಟ್ಟು ಕಳುಹಿಸಿದ್ದಲ್ಲ, ವಿಚಾರಿಸಿ ನೋಡಿದೆವು. ಈ ಸಲ ಮೊದಲು ಪೋಷಕರಿಗೆ ಕಾಗದ ಬರೆದೆವು. ಇಬ್ಬರು ತಂದೆಗಳು ಒಪ್ಪಿದರು, ಒಬ್ಬ ತಾಯಿ ಗಣಿತದ ಅಂಕಗಳ ವಿಷಯವಾಗಿ ಮಾತು ತೆಗೆದುಕೊಂಡು ಒಪ್ಪಿದರು. ಉಗ್ರಾಣದಲ್ಲಿದ್ದ ಮುರಿದ ಬೆಂಚುಗಳನ್ನು ತೆಗಿಸಿ ಸುಣ್ಣ ಬಳಿಸಿದೆವು. ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಅದು ಅವರದು. ಬೀಗದ ಕೈ ನಮ್ಮ ಮೇಜಿನ ಹಿಂದಿನ ಮೊಳೆಯ ಮೇಲೆ ಎಲ್ಲರಿಗೂ ಕಾಣುವಂತೆ ತೂಗುತ್ತದೆ. ಗಿಟಾರನ್ನು ಒಳಗೋಡೆಗೆ ತೂಗಹಾಕಿದ್ದೇವೆ. ಮಳೆ ಹಿಡಿದರೆ ತಂತಿಗಳನ್ನು ಸಡಿಲಿಸುವದು ನಮ್ಮ ಕೆಲಸ. ಹಳೆಯ ಕಪಾಟಿನಲ್ಲಿ ಈಗ ಆಟದ ಹಗ್ಗಗಳೂ ಸೀಮೆಸುಣ್ಣವೂ ಇವೆ. ಸೀಮೆಸುಣ್ಣ ಒದ್ದೆಯಾಗುತ್ತದೆಂದು ಶಿಕ್ಷಕಿಯರು ದೂರುತ್ತಾರೆ.

ಮೇಳವು ಇನ್ನೂ ಕೂಡಿಲ್ಲ. ಡ್ರಮ್ಮಿನ ಹುಡುಗಿಯ ತಂದೆಗೆ ಅಕ್ಟೋಬರಿನಲ್ಲಿ ವರ್ಗವಾಗಿ ಅವಳು ಹೋದಳು. ಎಂಟನೆಯ ತರಗತಿಯ ಒಬ್ಬಳು ಕಲಿಯುತ್ತಿದ್ದಾಳೆ, ತಾಳದಲ್ಲಿ ಓಡುತ್ತಾಳೆ. ನಾಲ್ಕನೆಯದಕ್ಕೆ ಹೊರಳುವಾಗ ಒಬ್ಬಳು ಮುಂದೆ, ಒಬ್ಬಳು ಹಿಂದೆ. ವಾರ್ಷಿಕೋತ್ಸವದಂದು ಚಹಾದ ತರುವಾಯ ಎರಡು ಹಾಡುಗಳನ್ನು ಬಾರಿಸುವರು. ಸದ್ದನ್ನು ಸಹಿಸಲಾರದವರಿಗೆ ಪೂರ್ವದ ಜಗಲಿಯಲ್ಲಿ ಕುರ್ಚಿಗಳನ್ನು ಹಾಕಿಸಿದ್ದೇವೆ. ಮಂದ್ರ ಸ್ವರಕ್ಕೆ ಸದ್ಯಕ್ಕೆ ನಾವೇ ಪಿಯಾನೋದ ಎಡಗೈಯನ್ನು ಬಾರಿಸುತ್ತಿದ್ದೇವೆ. ಹುಡುಗಿಯರಿಗೆ ಇದು ಅಷ್ಟಾಗಿ ಹಿಡಿಸಿದಂತೆ ಕಾಣುವದಿಲ್ಲ. ಆದಕಾರಣ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ಅರಿಕೆ: ಯಾರ ಮನೆಯ ಅಟ್ಟದ ಮೇಲಾದರೂ ನಾಲ್ಕು ತಂತಿಯ ಬಾಸ್ ಗಿಟಾರು ಸುಮ್ಮನೆ ಬಿದ್ದಿದ್ದರೆ ಶಾಲೆಯ ವಿಳಾಸಕ್ಕೆ ತಿಳಿಸಬೇಕು. ಕೊರಳು ಸ್ವಲ್ಪ ಬಾಗಿದ್ದರೂ ಚಿಂತೆಯಿಲ್ಲ.